ಸೌಲನನ್ನು ನಂಬಲು ಶಿಷ್ಯರು ಹಿಂಜರಿದದ್ದೇಕೆ?

ಪ್ರಶ್ನೆ: ದಮಸ್ಕದ ದಾರಿಯಲ್ಲಿ ಯೇಸುವಿನ ದರ್ಶನ ಪಡೆದು ಮನಪರಿವರ್ತನೆ ಹೊಂದಿದ ಸೌಲನು (ಮುಂದೆ ಪೌಲನೆಂದು ಹೆಸರಾದವನು) ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲರೂ ಅವನಿಗೆ ಹೆದರಿದರೆಂದು ಬೈಬಲಿನ ಅಪೊಸ್ತಲರ ಕೃತ್ಯಗಳು 9ನೆಯ ಅಧ್ಯಾಯದಲ್ಲಿ ಓದುತ್ತೇವೆ. ದೇವರೇ ಆರಿಸಿಕೊಂಡವನನ್ನು ಸಂಶಯಿಸಿದ್ದು ಅವರ ಅವಿಶ್ವಾಸವಲ್ಲವೇ?

ಉತ್ತರ: ಅದನ್ನು ಅವಿಶ್ವಾಸವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಯೇಸುವನ್ನು ನಂಬಿದ್ದ ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಸಾಕ್ಷಿಗಳು ತಮ್ಮ ಮೇಲುಡುಪುಗಳನ್ನು ಇರಿಸಿದ್ದು ಸೌಲನ ಕಾಲ ಬಳಿಯಲ್ಲಿ. ಆಮೇಲೆ ಮನೆಮನೆಗೂ ನುಗ್ಗಿ, ಗಂಡಸರೆನ್ನದೆ ಹೆಂಗಸರೆನ್ನದೆ ಎಳೆದೊಯ್ದು ಸೆರೆಮನೆಗೆ ಹಾಕಿಸಿದವನೂ ಅವನೇ. ಅಂಥವನು ತಮ್ಮೊಡನೆ ಸೇರಿಕೊಳ್ಳಲು ಬಂದಾಗ, ತಮ್ಮವರನ್ನು ಸೆರೆಗೆ ಕಳೆದುಕೊಂಡಿದ್ದ ಆ ಸಭೆಯವರು ಅವನು ನಿಜವಾಗಿ ಶಿಷ್ಯನಾಗಿದ್ದಾನೆಂದು ನಂಬದೆ ಹೋದದ್ದು ಸಹಜವೇ ಆಗಿತ್ತು.

ದಮಸ್ಕದಲ್ಲಿದ್ದ ಶಿಷ್ಯ ಅನನೀಯನ ಪ್ರಸಂಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನೆಟ್ಟನೇ ಬೀದಿಯಲ್ಲಿರುವ ಯೂದನ ಮನೆಗೆ ಹೋಗಿ ಸೌಲನನ್ನು ವಿಚಾರಿಸು ಎಂದು ಕರ್ತನು ದರ್ಶನದಲ್ಲಿ ಹೇಳಿದಾಗ ಅವನು ಕೂಡಲೇ ಹೊರಡಲಿಲ್ಲ; ಈ ಮನುಷ್ಯನು ಯೆರೂಸಲೇಮಿನಲ್ಲಿ ಎಷ್ಟು ಕೇಡು ಮಾಡಿದ್ದಾನೆ, ಇಲ್ಲಿಯೂ ನಮ್ಮನ್ನು ಬಂಧಿಸಲು ಮುಖ್ಯಯಾಜಕರಿಂದ ಅಧಿಕಾರ ಪಡೆದು ಬಂದಿದ್ದಾನೆ ಎಂದು ಕರ್ತನಿಗೇ ತಿರುಗಿ ಹೇಳಿದನು. ಆ ಮಾತಿಗೆ ಕರ್ತನು ಅವನನ್ನು ಗದರಿಸಲಿಲ್ಲ, ಹೋಗು, ಅವನು ನಾನು ಆರಿಸಿಕೊಂಡ ಸಾಧನ ಎಂದಷ್ಟೇ ಹೇಳಿದನು. ಅನನೀಯನು ಹೋದನು, ಕಣ್ಣು ಕಾಣದೆ, ಮೂರು ದಿನ ಅನ್ನನೀರು ಬಿಟ್ಟಿದ್ದ ಆ ಹಿಂಸಕನ ಮೇಲೆ ಕೈಯಿಟ್ಟು ಅವನನ್ನು ಸಹೋದರನೆಂದು ಕರೆದನು. ಆ ಇಡೀ ಅಧ್ಯಾಯದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟುವ ಘಳಿಗೆ ಅದೇ.

ಯೆರೂಸಲೇಮಿನಲ್ಲಿ ಸೌಲನನ್ನು ಹೀಗೆ ಸೇರಿಸಿಕೊಳ್ಳುವ ಕೆಲಸವನ್ನು ಮಾಡಿದವನು ಅಲ್ಲಿನ ಶಿಷ್ಯರಲ್ಲೊಬ್ಬನಾದ ಬಾರ್ನಬ. ಅವನು ಸೌಲನನ್ನು ಅಪೊಸ್ತಲರ ಬಳಿಗೆ ಕರೆದೊಯ್ದು, ಅವನು ಕರ್ತನನ್ನು ಕಂಡದ್ದನ್ನೂ ದಮಸ್ಕದಲ್ಲಿ ಯೇಸುವಿನ ಹೆಸರಿನಲ್ಲಿ ಧೈರ್ಯದಿಂದ ಮಾತಾಡಿದ್ದನ್ನೂ ವಿವರಿಸಿದನು. ಇಲ್ಲಿ ಬಾರ್ನಬನು ಬರಿಯ ಶಿಫಾರಸು ಮಾಡಲಿಲ್ಲ, ನಡೆದದ್ದನ್ನು ಮುಂದಿಟ್ಟನು ಎಂಬುದನ್ನು ಗಮನಿಸಬೇಕು. ಹಾಗಾಗಿ ಪರಿವರ್ತನೆ ಹೊಂದಿದೆನೆನ್ನುವ ಎಲ್ಲರನ್ನೂ ವಿಚಾರಿಸದೆ ನಾಯಕರನ್ನಾಗಿ ಮಾಡಬೇಕೆಂದು ಈ ಭಾಗವು ಕಲಿಸುತ್ತದೆಂದು ನಾನು ತಿಳಿಯುವುದಿಲ್ಲ. ಸೌಲನ ಪ್ರಾಣಕ್ಕೆ ಅಪಾಯ ಬಂದಾಗ ಸಹೋದರರು ಅವನನ್ನು ಕೈಸರೈಯಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಅವನ ಊರಾದ ತಾರ್ಸಕ್ಕೆ ಕಳುಹಿಸಿದರು. ಯೂದಾಯದ ಸಭೆಗಳಂತೂ ಅವನ ಮುಖವನ್ನೇ ಕಂಡಿರಲಿಲ್ಲ. ಮೊದಲು ನಮ್ಮನ್ನು ಹಿಂಸಿಸುತ್ತಿದ್ದವನು ಈಗ ಅದೇ ನಂಬಿಕೆಯನ್ನು ಸಾರುತ್ತಿದ್ದಾನೆಂಬ ಸುದ್ದಿಯನ್ನಷ್ಟೇ ಕೇಳಿ ಅವು ದೇವರನ್ನು ಕೊಂಡಾಡಿದವೆಂದು ಗಲಾತ್ಯದವರಿಗೆ ಬರೆದ ಪತ್ರದ 1ನೆಯ ಅಧ್ಯಾಯ ತಿಳಿಸುತ್ತದೆ.

ಸಂಶಯವು ಅಲ್ಲಿಗೇ ಮುಗಿಯಲಿಲ್ಲ. ಎಷ್ಟೋ ವರ್ಷಗಳ ಬಳಿಕ ಕೊರಿಂಥದಲ್ಲಿಯೂ ಕೆಲವರು ಅವನ ಪತ್ರಗಳು ಗಂಭೀರ, ಎದುರಿಗೆ ಬಂದರೆ ಆಳು ನಿರ್ಬಲ ಎಂದು ಹಗುರವಾಗಿ ಆಡಿಕೊಂಡರು. ಆದರೆ ಅದಕ್ಕೂ ಬಹಳ ಮೊದಲೇ, ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ಅನ್ಯಜನರು ನಂಬತೊಡಗಿ ಸಭೆಗೆ ಬೋಧಕನು ಬೇಕಾದಾಗ, ತಾರ್ಸದವರೆಗೂ ಹೋಗಿ ಸೌಲನನ್ನು ಹುಡುಕಿ ಕರೆತಂದವನು ಅದೇ ಬಾರ್ನಬ. ಇಬ್ಬರೂ ಪೂರ್ತಿ ಒಂದು ವರ್ಷ ಅಲ್ಲಿ ಕೂಡಿ ಬೋಧಿಸಿದರು.