ಓದುಗರ ಪ್ರಶ್ನೆ: ಮನೇಲಿರೋ ಹಳೇ ಸಾಮಾನು, ಮಕ್ಕಳಿಗೆ ಹೊಸ ಆಟ

ರಜಾ ಹತ್ರ ಬಂತು ಅಂದ್ರೆ ಸಾಕು, ಮಕ್ಕಳನ್ನ ಮನೇಲಿ ಏನ್ ಮಾಡ್ಸೋದು ಅನ್ನೋ ಪ್ರಶ್ನೆಗಳು ಬರೋಕೆ ಶುರುವಾಗುತ್ತೆ. ಈ ಸಲ ತುಂಬಾ ಜನ ಕೇಳಿರೋದು ಮನೇಲೇ ಬಿದ್ದಿರೋ ಡಬ್ಬ, ಬಾಟ್ಲಿ, ಪೇಪರ್ ಇಂಥದ್ರಲ್ಲಿ ಏನಾದ್ರೂ ಮಾಡೋದ್ರ ಬಗ್ಗೆ. ಅದ್ರಲ್ಲಿ ಕೆಲವನ್ನ ಆರಿಸ್ಕೊಂಡಿದ್ದೀನಿ.

ಅಕ್ಕಾ, ನನ್ನ ಮಗಳಿಗೆ ಆರು ವರ್ಷ. ಯೂಟ್ಯೂಬ್ ನೋಡಿ ಬಾಟ್ಲೀಲಿ ಫ್ಲವರ್ ವಾಸ್, ಐಸ್‌ಕ್ರೀಮ್ ಕಡ್ಡೀಲಿ ಮನೆ ಎಲ್ಲಾ ಮಾಡ್ಸೋಕೆ ನೋಡ್ದೆ. ಸ್ವಲ್ಪ ಹೊತ್ತು ಕೂತ್ಕೋತಾಳೆ, ಆಮೇಲೆ ಎದ್ದು ಹೋಗ್ತಾಳೆ, ಮಿಕ್ಕಿದ್ದೆಲ್ಲಾ ನಾನೇ ಮುಗಿಸ್ಬೇಕು. ಅವಳಿಗೆ ಇದ್ರಲ್ಲಿ ಆಸಕ್ತಿನೇ ಇಲ್ವೇನೋ ಅನ್ಸುತ್ತೆ. – ಒಬ್ಬ ಅಮ್ಮ, ದಾವಣಗೆರೆ

ಆಸಕ್ತಿ ಇದೆ ಕಣಮ್ಮ, ಆದ್ರೆ ಫ್ಲವರ್ ವಾಸ್ ಮೇಲೆ ಇಲ್ಲ ಅಷ್ಟೇ. ಶೋಕೇಸಲ್ಲಿ ಇಟ್ಟು ಮುಟ್ಟಬೇಡ ಅನ್ನೋ ವಸ್ತು ಇಟ್ಕೊಂಡು ಆರು ವರ್ಷದ ಮಗು ಏನ್ ಮಾಡುತ್ತೆ ಹೇಳಿ. ಅದನ್ನ ನೋಡಿ ಖುಷಿ ಪಡೋರು ಮನೆಗೆ ಬರೋ ನೆಂಟ್ರು. ಮಕ್ಕಳ ಜೊತೆ ಏನೇ ಮಾಡಿದ್ರೂ ಅದು ಆಡೋಕೆ ಬರಬೇಕು, ಓಡ್ಬೇಕು, ತಿರುಗ್ಬೇಕು, ಸದ್ದು ಮಾಡ್ಬೇಕು, ಇಲ್ಲಾ ಏನಾದ್ರೂ ಉಪಯೋಗಕ್ಕೆ ಬರಬೇಕು, ನೋಡೋಕೆ ಸೊಟ್ಟಗಿದ್ರೂ ಪರವಾಗಿಲ್ಲ. ಇದನ್ನ ನಾನು ಎಲ್ಲರಿಗೂ ಹೇಳ್ತೀನಿ, ನಿಮಗೂ ಅದನ್ನೇ ಹೇಳ್ತೀನಿ.

ಒಂದು ತಕ್ಕಡಿ ಮಾಡಿ ನೋಡಿ. ಕಾಯಿ ತುರಿದ ಮೇಲೆ ಉಳಿಯೋ ಕರಟ ಎರಡು ಎತ್ತಿಡಿ, ನಾರೆಲ್ಲಾ ತೆಗೆದು ಒಣಗ್ಸಿ, ಅಂಚಿನ ಹತ್ರ ಮೂರ್ ಮೂರು ತೂತು ಬೇಕು, ಅದು ಮಾತ್ರ ಡ್ರಿಲ್ ಇಟ್ಕೊಂಡು ದೊಡ್ಡೋರೇ ಮಾಡಿ. ಡ್ರಿಲ್ ಇಲ್ಲಾಂದ್ರೆ ಕರಟದ ಬದ್ಲು ಒಂದೇ ಸೈಜಿನ ಎರಡು ಡಬ್ಬದ ಮುಚ್ಚಳನೂ ಆಗುತ್ತೆ. ದಾರ ಪೋಣಿಸೋದು, ಗಂಟು ಹಾಕೋದು, ಒಂದಡಿ ಉದ್ದದ ಕೋಲಿನ ಎರಡೂ ತುದಿಗೆ ನೇತು ಹಾಕೋದು, ಕೋಲಿನ ಮಧ್ಯಕ್ಕೆ ಇನ್ನೊಂದು ದಾರ ಕಟ್ಟಿ ಎತ್ತಿ ಹಿಡಿಯೋದು ಎಲ್ಲಾ ಅವಳ ಕೆಲಸ. ಎತ್ತಿದ ತಕ್ಷಣ ಒಂದು ಕಡೆ ವಾಲುತ್ತೆ ಯಾಕಂದ್ರೆ ಎರಡು ಕರಟ ಒಂದೇ ತೂಕ ಇರಲ್ಲ. ಆಗ ನೀವು ಸರಿಮಾಡೋಕೆ ಕೈ ಹಾಕ್ಬೇಡಿ. ಒಂದಿಷ್ಟು ಚಪಾತಿ ಹಿಟ್ಟು ಕೈಗೆ ಕೊಟ್ಟು, ಮೇಲಿರೋ ಕರಟದ ತಳಕ್ಕೆ ಅಂಟಿಸು ಅನ್ನಿ ಸಾಕು. ಜಾಸ್ತಿ ಅಂಟಿಸ್ತಾಳೆ, ಅದು ಕೆಳಗೆ ಹೋಗುತ್ತೆ, ಚೂರು ಕಿತ್ತು ತೆಗೀತಾಳೆ, ಆಗ ಇನ್ನೊಂದು ಕಡೆ ಇಳಿಯುತ್ತೆ, ಮತ್ತೆ ಒಂದು ಚಿಟಿಕೆ ಸೇರಿಸ್ತಾಳೆ, ಕೋಲು ನೆಟ್ಟಗೆ ನಿಲ್ಲೋವರೆಗೂ ಅವಳು ಎದ್ದು ಹೋಗಲ್ಲ. ಆಮೇಲೆ ಸೋಪಿನ ಡಬ್ಬ, ಪೇಸ್ಟ್ ಡಬ್ಬ ಎಲ್ಲಾ ಜೋಡಿಸಿ ಅಂಗಡಿ ಇಟ್ಕೊಡಿ, ಹುಣಸೆ ಬೀಜನೇ ತೂಕದ ಕಲ್ಲು. ಒಂದು ನಿಂಬೆಹಣ್ಣಿಗೆ ಎಷ್ಟು ಹುಣಸೆ ಬೀಜ ಅಂತ ಅವಳೇ ಎಣಿಸಿ ಹೇಳ್ಲಿ. ಗಿರಾಕಿಯಾಗಿ ಹೋಗೋದು ನಿಮ್ಮ ಕೆಲಸ, ಚೌಕಾಸಿ ಮಾಡೋದು ಮರೀಬೇಡಿ.

ಮೇಡಂ, ನಮ್ದು ಎರಡು ರೂಮಿನ ಫ್ಲಾಟು. ಮಗ ಯಾವ ಡಬ್ಬಾನೂ ಬಿಸಾಕೋಕೆ ಬಿಡಲ್ಲ, ಎಲ್ಲಾ ರಾಕೆಟ್ ಮಾಡ್ತೀನಿ ಅಂತ ಮಂಚದ ಕೆಳಗೆ ತುಂಬ್ತಾನೆ. ನಮ್ಮತ್ತೆಗೆ ಜಿರಳೆ ಬರುತ್ತೆ ಅಂತ ಕೋಪ, ದಿನಾ ಇದೇ ಜಗಳ. – ಬೆಂಗಳೂರು

ನಿಮ್ಮತ್ತೆ ಹೇಳೋದ್ರಲ್ಲಿ ನ್ಯಾಯ ಇದೆ, ಎಣ್ಣೆ ಜಿಡ್ಡು ಸಿಹಿ ಅಂಟಿರೋ ಡಬ್ಬ ಇಟ್ರೆ ಜಿರಳೆ ಇರುವೆ ಬಂದೇ ಬರುತ್ತೆ. ತೊಳೆದು ಒಣಗಿಸಿದ್ದು ಮಾತ್ರ ಒಳಗೆ, ಮತ್ತೆ ಇಡೋಕೆ ಒಂದೇ ಒಂದು ರಟ್ಟಿನ ಪೆಟ್ಟಿಗೆ. ಅದು ತುಂಬಿದ್ರೆ ಹೊಸದು ಬರೋಕೆ ಮುಂಚೆ ಹಳೇದು ಒಂದು ಹೋಗ್ಬೇಕು, ಯಾವುದು ಹೋಗ್ಬೇಕು ಅನ್ನೋದು ಮಗನ ತೀರ್ಮಾನ. ಅತ್ತೆನೇ ಆ ಪೆಟ್ಟಿಗೆ ಇನ್‌ಸ್ಪೆಕ್ಟರ್ ಮಾಡಿ, ಅವರಿಗೂ ಗೌರವ, ಹುಡುಗನಿಗೂ ಭಯ ಇರುತ್ತೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ, ಅದಕ್ಕೇ ಹೇಳ್ತಿದ್ದೀನಿ. ಆಟ ಮುಗಿದ ಮೇಲೆ ಆ ರಾಕೆಟ್ ಎಲ್ಲಿಗೆ ಹೋಗುತ್ತೆ? ಬರೀ ರಟ್ಟಾದ್ರೆ ಒಣಕಸಕ್ಕೆ ಹಾಕ್ಬಹುದು, ಗುಜರಿಯೋರು ತಗೋತಾರೆ. ಅದೇ ರಟ್ಟಿನ ಮೇಲೆ ಗ್ಲಿಟರ್, ಥರ್ಮಾಕೋಲು, ಪ್ಲಾಸ್ಟಿಕ್ ಮಣಿ ಎಲ್ಲಾ ಗಮ್ ಹಾಕಿ ಮೆತ್ತಿದ್ರೆ ಅದನ್ನ ಬಿಡಿಸೋಕೂ ಆಗಲ್ಲ, ರೀಸೈಕಲ್ ಮಾಡೋಕೂ ಆಗಲ್ಲ, ಕಸದಿಂದ ರಸ ಅಂತ ಹೇಳ್ಕೊಂಡು ಇನ್ನೂ ಕೆಟ್ಟ ಕಸ ಮಾಡಿದ ಹಾಗಾಯ್ತು. ಗಮ್ ಬದ್ಲು ದಾರ, ರಬ್ಬರ್ ಬ್ಯಾಂಡು, ಬಟ್ಟೆ ಕ್ಲಿಪ್ಪು ಕೊಡಿ, ಬಿಚ್ಚಿ ಇನ್ನೊಂದು ಮಾಡೋಕೂ ಬರುತ್ತೆ. ಹಾಲಿನ ಪ್ಯಾಕೆಟ್ ಕತ್ತರಿಸೋವಾಗ ಮೂಲೆನ ಪೂರ್ತಿ ತುಂಡು ಮಾಡ್ದೆ ಸ್ವಲ್ಪ ಅಂಟ್ಕೊಂಡಿರೋ ಹಾಗೆ ಬಿಡಿ, ಆ ಚೂರು ತುಂಡುಗಳು ಯಾರ ಕೈಗೂ ಸಿಗ್ದೆ ಮಣ್ಣಿಗೆ, ಚರಂಡಿಗೆ ಹೋಗ್ತವೆ. ತೊಳೆದ ಪ್ಯಾಕೆಟ್ ತಳಕ್ಕೆ ನಾಲ್ಕು ತೂತು ಹಾಕಿ ಮಣ್ಣು ತುಂಬಿ ಅಡುಗೆಮನೆ ಡಬ್ಬದಿಂದಲೇ ಒಂದು ಹಿಡಿ ಮೆಂತ್ಯ ಉದುರಿಸಿದ್ರೆ ಕೆಲವೇ ದಿನದಲ್ಲಿ ಮೊಳಕೆ ಬರುತ್ತೆ, ಬಾಲ್ಕನಿ ಬಿಸಿಲು ಸಾಕು. ಆ ಸೊಪ್ಪು ಬೇಳೆಗೆ ಹಾಕಿದ ದಿನ ನಿಮ್ಮತ್ತೆ ಪಾರ್ಟಿ ಬದಲಾಯಿಸ್ತಾರೆ ನೋಡಿ.

ನಾನು ಸರ್ಕಾರಿ ಶಾಲಿ ಮಾಸ್ತರ ಅದೀನ್ರಿ. ನಾಕನೇ ಐದನೇ ಹುಡುಗ್ರು ಒಂದ ಖೋಲ್ಯಾಗ ಕುಂದರ್ತಾರ. ಖರ್ಚಿಲ್ದ ಏನರ ಮಾಡಿಸ್ಬೇಕಂದ್ರ, ಪುಸ್ತಕದಾಗಿಂದೂ ತಿಳೀಬೇಕು, ಅಂಥಾದ್ದೇನರ ಅದ ಏನ್ರಿ? – ಕೊಪ್ಪಳ ಜಿಲ್ಲೆ

ಇದೆ ಸರ್, ಮತ್ತೆ ಇದನ್ನ ಜೀವನಪೂರ್ತಿ ಮಾಡ್ಕೊಂಡು ಬಂದಿರೋರೊಬ್ರು ನಮ್ಮ ದೇಶದಲ್ಲೇ ಇದ್ದಾರೆ. ಅರವಿಂದ ಗುಪ್ತಾ ಅಂತ, ಕಾನ್ಪುರ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿದವರು. 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಕಡೆ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋಗಿದ್ದಾಗ ವಾರದ ಸಂತೇಲಿ ಸಿಗೋ ಸಾಮಾನಿಂದಲೇ ಆಟಿಕೆ ಮಾಡೋಕೆ ಶುರು ಮಾಡಿದ್ರು, 2018ರಲ್ಲಿ ಪದ್ಮಶ್ರೀ ಬಂತು. ಅವರು ಮಾಡಿದ್ರಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೆಂಕಿಕಡ್ಡಿ ಮತ್ತೆ ಸೈಕಲ್ ವಾಲ್ವ್ ಟ್ಯೂಬು. ಸೈಕಲ್ ಶಾಪಲ್ಲಿ ಆ ಸಣ್ಣ ರಬ್ಬರ್ ಟ್ಯೂಬ್ ಕೇಳಿ ತಗೊಳ್ಳಿ, ಬೆರಳಗಲಕ್ಕಿಂತ ಸಣ್ಣ ತುಂಡು ಮಾಡಿ. ಬೆಂಕಿಕಡ್ಡಿ ತುದಿಯ ಮದ್ದನ್ನ ನೀವೇ ಮೊದ್ಲು ಕೆರೆದು ತೆಗೆದುಬಿಡಿ. ಟ್ಯೂಬಿನ ಎರಡೂ ಕಡೆಯಿಂದ ಒಂದೊಂದು ಕಡ್ಡಿ ತೂರಿಸಿದ್ರೆ ಬೇಕಾದ ಕಡೆ ಬಗ್ಗೋ ಕೀಲು ಸಿಕ್ತು. ಮೂರು ಕಡ್ಡೀಲಿ ತ್ರಿಕೋನ, ನಾಲ್ಕು ಕಡ್ಡೀಲಿ ಚೌಕ ಮಾಡ್ಸಿ ಎರಡನ್ನೂ ಒತ್ತೋಕೆ ಹೇಳಿ. ಚೌಕ ವಾಲಿ ಸೊಟ್ಟ ಆಗುತ್ತೆ, ತ್ರಿಕೋನ ಅಲ್ಲಾಡಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಅಡ್ಡ ಕೊಟ್ರೆ ಅದೂ ಗಟ್ಟಿ, ಯಾಕಂದ್ರೆ ಈಗ ಅದ್ರೊಳಗೆ ಎರಡು ತ್ರಿಕೋನ. ಚೌಕದ ಕಡ್ಡಿಗಿಂತ ಇದು ಉದ್ದ ಬೇಕಾಗುತ್ತೆ, ಪೊರಕೆ ಕಡ್ಡಿ ಅಳತೆ ಮಾಡಿ ಮುರ್ಕೊಳ್ಲಿ. ಆಮೇಲೆ ಹುಡುಗ್ರನ್ನ ಹೊರಗೆ ಕರ್ಕೊಂಡು ಹೋಗಿ ಮೊಬೈಲ್ ಟವರ್, ಕರೆಂಟಿನ ದೊಡ್ಡ ಕಂಬ ಎಲ್ಲಾ ತೋರಿಸಿ, ತ್ರಿಕೋನ ಹುಡುಕ್ತಾ ನಿಂತ್ಬಿಡ್ತಾರೆ.

ಇನ್ನೊಂದು, ಚಹಾಪುಡಿ ಇಲ್ಲಾ ಬಿಸ್ಕತ್ತಿನ ಹಳೇ ತಗಡಿನ ಡಬ್ಬ. ತಳದ ಮಧ್ಯಕ್ಕೆ ಸಣ್ಣ ಮೊಳೇಲಿ ಒಂದೇ ಒಂದು ತೂತು, ಬಾಯಿಗೆ ಬಿಳಿ ಹಾಳೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡು, ಆ ಹಾಳೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಆಗ ಬೆಳಕು ಹಾಯುತ್ತೆ. ತೂತು ಬಿಸಿಲಿರೋ ಬಯಲಿನ ಕಡೆ, ಹಾಳೆ ಮುಖದ ಕಡೆ, ತಲೆ ಮೇಲಿಂದ ಕಂಬಳಿ ಹೊದ್ದು ಕತ್ತಲು ಮಾಡ್ಕೊಂಡು ನೋಡ್ಬೇಕು. ಎದುರಿನ ಬೇವಿನ ಮರ ತಲೆಕೆಳಗಾಗಿ ಹಾಳೆ ಮೇಲೆ ಬಂದಿರುತ್ತೆ, ಎಡದಿಂದ ಬಲಕ್ಕೆ ಹೋಗೋ ಎತ್ತಿನಗಾಡಿ ಬಲದಿಂದ ಎಡಕ್ಕೆ ಹೋಗುತ್ತೆ, ಅದೂ ಚಕ್ರ ಮೇಲೆ ಮಾಡ್ಕೊಂಡು. ಬೆಳಕು ನೇರವಾಗಿ ಹೋಗೋದ್ರಿಂದ ಮೇಲಿನ ಕಿರಣ ತೂತಲ್ಲಿ ನುಗ್ಗಿ ಕೆಳಕ್ಕೆ ಬೀಳುತ್ತೆ, ಕೆಳಗಿಂದು ಮೇಲಕ್ಕೆ, ಅಷ್ಟೇ ವಿಷಯ. ಆದ್ರೆ ಅದನ್ನ ಮೊದ್ಲೇ ಹೇಳ್ಬೇಡಿ ಸರ್, ಯಾಕೆ ಉಲ್ಟಾ ಅಂತ ಅವರೇ ಕೇಳ್ಲಿ, ಬೋರ್ಡ್ ಮೇಲೆ ಎರಡು ಗೆರೆ ಎಳೆದು ಅವರೇ ಜಗಳ ಆಡ್ಲಿ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸ್ಬಾರ್ದು, ಇದನ್ನ ಮೊದ್ಲೇ ಗಟ್ಟಿಯಾಗಿ ಹೇಳಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡೋ ನಿಮ್ಮ ಕಡೆ ಹುಡುಗ್ರ ಕೈಗೆ ಇದ್ಯಾವುದೂ ಕಷ್ಟ ಅಲ್ಲ.

ಮೊಮ್ಮಕ್ಕಳು ರಜೆಗೆ ಬರುತ್ತಾರೆ. ನಮ್ಮ ಕಾಲದ ಆಟ ಅವರಿಗೆ ಹಿಡಿಸೀತೇ? ನನ್ನ ಹೆಂಡತಿಗೆ ಹಳೇ ಪೇಪರಿನ ಬುಟ್ಟಿ ಮಾಡಲು ಬರುತ್ತದೆ. – ಅಜ್ಜ, ಶಿರಸಿ

ಅಜ್ಜಾರೇ, ನೀವು ಈ ಕಾಲಂಗೆ ಪಾಠ ಹೇಳ್ಬೇಕು, ನಾನಲ್ಲ! ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಮೇಲೆ ಒಬ್ಬರನ್ನ ಕೂರಿಸಿ ಇನ್ನೊಬ್ಬರು ಎಳೆಯೋ ಆಟ ಯಾವ ಕಾಲದ ಮಕ್ಕಳಿಗೂ ಹಿಡಿಸುತ್ತೆ. ಆದ್ರೆ ಅಜ್ಜಿಯ ಬುಟ್ಟಿನ ದಯವಿಟ್ಟು ಬಿಡ್ಬೇಡಿ. ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ: ಹಳೇ ಪೇಪರ್ ಹರಿದು ಎರಡು ಮೂರು ದಿನ ನೀರಲ್ಲಿ ನೆನೆಹಾಕ್ಬೇಕು, ದಿನಾ ನೀರು ಬದಲಾಯಿಸ್ಬೇಕು, ಒಂದು ರಾತ್ರಿ ನೆನೆದ ಮೆಂತ್ಯದ ಜೊತೆ ಸೇರಿಸಿ ನುಣ್ಣಗೆ ರುಬ್ಬಬೇಕು, ಬೋರಲು ಹಾಕಿದ ಬೇಸನ್ ಮೇಲೆ ತೆಳು ಬಟ್ಟೆ ಹಾಸಿ ಬೆರಳು ದಪ್ಪಕ್ಕೆ ಮೆತ್ತಿ ಚೆನ್ನಾಗಿ ಬಿಸಿಲಿಗೆ ಇಡ್ಬೇಕು. ಮೆಂತ್ಯದ ಲೋಳೆನೇ ಗಮ್ ಕೆಲಸ ಮಾಡುತ್ತೆ. ಮೊಮ್ಮಕ್ಕಳಿಗೆ ಮೆತ್ತೋ ಕೆಲಸ ಕೊಡಿ, ಕೈ ಗಲೀಜಾಗ್ಲಿ ಬಿಡಿ. ಮಳೆ ಹಿಡಿಯೋಕೆ ಮುಂಚೆ ಮುಗಿಸ್ಬೇಕು ಅನ್ನೋದು ನಿಮ್ಮೂರಿನೋರಿಗೆ ಬೇರೆ ಹೇಳ್ಬೇಕಾಗಿಲ್ಲ.

ಮಗನಿಗೆ ಮೂರು ವರ್ಷ. ಆಡೋಕೆ ಯಾವುದು ಕೊಡ್ಬಾರ್ದು? – ಮಂಗಳೂರು

ಮೊದ್ಲು ಬಟನ್ ಸೆಲ್, ಅಂದ್ರೆ ಗುಂಡಿ ಥರ ಚಪ್ಪಟೆಯಾಗಿರೋ ಪುಟ್ಟ ಬ್ಯಾಟರಿ. ಹಳೇ ವಾಚು, ರಿಮೋಟು, ಹಾಡೋ ಆಟಿಕೆ, ಮ್ಯೂಸಿಕ್ ಗ್ರೀಟಿಂಗ್ ಕಾರ್ಡು ಇವೆಲ್ಲದ್ರಲ್ಲೂ ಇರುತ್ತೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡೇ ಗಂಟೇಲಿ ಒಳಗೆ ಸುಡೋಕೆ ಶುರುವಾಗ್ಬಹುದು, ನುಂಗಿದ್ದಾನೆ ಅಂತ ಅನುಮಾನ ಬಂದ್ರೂ ಸಾಕು ಕಾಯ್ದೆ ಆಸ್ಪತ್ರೆಗೆ ಓಡಿ. ಹಾಗೇ ಪುಟ್ಟ ಆಯಸ್ಕಾಂತ, ಮಣಿ, ಗುಂಡಿ, ಒಡೆದ ಬಲೂನಿನ ತುಂಡು, ತೆಳು ಪ್ಲಾಸ್ಟಿಕ್ ಕವರ್ ಬೇಡ. ಫಿನಾಯಿಲ್, ಆಸಿಡ್, ಸೊಳ್ಳೆ ಔಷಧಿ ಇದ್ದ ಬಾಟ್ಲಿ ಎಷ್ಟು ತೊಳೆದ್ರೂ ಆಟಕ್ಕೆ ಬೇಡ. ಮಾತ್ರೆ ಖಾಲಿಯಾದ ಶೀಟಿಗೆ ಚೂಪು ಅಂಚಿರುತ್ತೆ, ಅದಕ್ಕಿಂತ ಹೆಚ್ಚಾಗಿ ಮಾತ್ರೆ ಅಂದ್ರೆ ಆಟ ಅಂತ ಅವನ ತಲೇಲಿ ಕೂತ್ಕೊಳ್ಳುತ್ತೆ. ಕೊಡಬಹುದಾದ್ದು? ಸ್ಟೀಲ್ ಲೋಟ, ಮರದ ಸೌಟು, ದೊಡ್ಡ ರಟ್ಟಿನ ಪೆಟ್ಟಿಗೆ. ಈ ವಯಸ್ಸಿಗೆ ಪೆಟ್ಟಿಗೆ ಒಳಗೆ ಕೂತ್ಕೊಳ್ಳೋದೇ ಬಸ್ಸು, ನೀವು ಕಂಡಕ್ಟರ್ ಆಗಿ.

ದಸರಾಗೆ ಗೊಂಬೆ ಕೂರಿಸ್ತೀವಿ. ಮಗಳು ಈ ಸಲ ನಾನೇ ಪಾರ್ಕ್ ಮಾಡ್ತೀನಿ ಅಂತಿದ್ದಾಳೆ. – ಮೈಸೂರು

ಪೂರ್ತಿ ಅವಳಿಗೇ ಬಿಟ್ಕೊಡಿ! ಅಗಲವಾದ ಹಳೇ ತಟ್ಟೆ ಇಲ್ಲಾ ಸ್ವೀಟ್ ಬಾಕ್ಸಿನ ಪ್ಲಾಸ್ಟಿಕ್ ಟ್ರೇನಲ್ಲಿ ಮಣ್ಣು ಹರಡಿ, ರಾತ್ರಿ ನೆನೆಸಿದ ರಾಗಿ ಒತ್ತಾಗಿ ಉದುರಿಸಿ ಮೇಲೆ ತೆಳ್ಳಗೆ ಮಣ್ಣು ಮುಚ್ಚಿ, ಪಾಡ್ಯಕ್ಕೆ ಒಂದು ವಾರ ಮುಂಚೆ ಹಾಕಿದ್ರೆ ಗೊಂಬೆ ಕೂರಿಸೋ ಹೊತ್ತಿಗೆ ಹಸಿರು ಹುಲ್ಲು ರೆಡಿ. ನೀರು ಸುರೀದೆ ಕೈಯಲ್ಲಿ ಚಿಮುಕಿಸ್ಲಿ, ಇಲ್ಲಾಂದ್ರೆ ರಾಗಿ ಎಲ್ಲಾ ಒಂದು ಮೂಲೆಗೆ ಕೊಚ್ಕೊಂಡು ಹೋಗುತ್ತೆ. ಕೊಳಕ್ಕೆ ಒಂದು ಹಳೇ ಕನ್ನಡಿ, ಬೆಂಚಿಗೆ ಬೆಂಕಿಪೊಟ್ಟಣ, ರಸ್ತೆಗೆ ಜರಡಿ ಹಿಡಿದ ಮರಳು. ರಾಗಿ ಉದ್ದ ಬೆಳೆದ್ರೆ ಕತ್ತರೀಲಿ ಟ್ರಿಮ್ ಮಾಡೋದು ಅವಳಿಗೆ ದಿನಾ ಕೆಲಸ.