ತುಮಕೂರಿಗೆ ಬರುವವರಿಗೆ, ಊರು ತೋರಿಸುವವನ ಕಡೆಯಿಂದ

ಮೇಡಂ, ನಮ್ಮ ಸ್ಕೆಚ್ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ನೋಡಿದೆ. ದೀಪಾವಳಿ ಮುಗಿದ ಮೇಲಿನ ಭಾನುವಾರ ಬೆಂಗಳೂರಿನಿಂದ ಆರು ಜನ ಸ್ಕೆಚ್ ಪುಸ್ತಕ ಹಿಡಿದು ಬರುತ್ತಿದ್ದೀರಿ. ನಿಮ್ಮ ಕಾಲೇಜಿನ ಗೆಳೆಯರಿಬ್ಬರು ಇಲ್ಲೇ ಇದ್ದಾರೆ, ಊರು ಅವರೇ ತೋರಿಸುತ್ತಾರೆ. ಸಿದ್ಧಗಂಗೆ, ದೇವರಾಯನದುರ್ಗ, ನಾಮದ ಚಿಲುಮೆ, ಮಂದರಗಿರಿ, ಕೈದಾಳ, ಅಮಾನಿಕೆರೆ, ಇಷ್ಟೂ ಒಂದೇ ದಿನಕ್ಕೆ ಆಗುತ್ತದಾ ಅಂತ ಕೇಳಿದ್ದೀರಿ.

ನೋಡೋಕೆ ಆಗುತ್ತದೆ. ಬಿಡಿಸೋಕೆ ಆಗಲ್ಲ.

ನಾನು ಇದೇ ಊರಿನವನು, ನೆಂಟರು ಗೆಳೆಯರು ಬಂದಾಗಲೆಲ್ಲ ಗೈಡ್ ಕೆಲಸ ನನ್ನದೇ. ಒಂದು ಸಲ ನಮ್ಮಂಥದೇ ಚಿತ್ರದ ಹುಚ್ಚಿನವರು ನಾಲ್ಕು ಜನ ಬಂದಿದ್ದರು. ಊರಿನ ಮರ್ಯಾದೆ ಪ್ರಶ್ನೆ ನೋಡಿ, ಬೆಳಿಗ್ಗೆಯಿಂದ ಸಂಜೆವರೆಗೆ ಆರು ಜಾಗ ಸುತ್ತಿಸಿದೆ. ಎಲ್ಲೂ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಿಲ್ಲ. ವಾಪಸ್ ಬರುವಾಗ ಮೂವರು ಕಾರಿನಲ್ಲೇ ನಿದ್ದೆ. ಅವತ್ತು ಪೂರ್ತಿ ಮುಗಿದ ಚಿತ್ರ ಒಂದೇ: ಬೆಳಿಗ್ಗೆ ಇಡ್ಲಿಗೆ ಕಾಯುತ್ತಾ ಒಬ್ಬರು ಗೀಚಿದ ಹೋಟೆಲ್ ಅಡುಗೆಮನೆ. ತಪ್ಪು ನನ್ನದೇ.

ಅದಕ್ಕೇ ಮೊದಲು ನಿಮ್ಮ ಗೆಳೆಯರ ಹತ್ತಿರ ಈ ಮಾತು ಆಡಿಬಿಡಿ: ಒಂದೊಂದು ಕಡೆ ಒಂದು ಗಂಟೆ ಕೂರುತ್ತೇವೆ, ನೀವು ಬೇಜಾರು ಮಾಡಿಕೊಳ್ಳಬಾರದು. ಊರು ತೋರಿಸುವವನಿಗೆ ಕಾಯುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಗೊತ್ತಿದ್ದರೆ ಮನೆಯವರನ್ನೋ ಮಕ್ಕಳನ್ನೋ ಕರೆದುಕೊಂಡು ಬರುತ್ತಾರೆ, ಇಲ್ಲ ಮಧ್ಯೆ ಮನೆಗೆ ಹೋಗಿ ಬರುತ್ತಾರೆ.

ನನ್ನ ಸಲಹೆ, ಬೆಳಿಗ್ಗೆ ಕ್ಯಾತ್ಸಂದ್ರದಿಂದ ಶುರು ಮಾಡಿ. ಬೆಂಗಳೂರಿನ ಕಡೆಯಿಂದ ಬಂದರೆ ಊರಿಗೆ ಮೊದಲೇ ಅದು ಸಿಗುತ್ತದೆ. ತಟ್ಟೆ ಇಡ್ಲಿ ಅಲ್ಲೇ ತಿನ್ನಬೇಕು, ಬೇರೆ ಮಾತಿಲ್ಲ. ಯಾವ ಹೋಟೆಲ್ ಅಂತ ನಾನು ಹೇಳಲ್ಲ, ಈ ಗುಂಪಿನಲ್ಲಿ ಜಗಳ ಆಗುತ್ತದೆ. ನಿಮ್ಮ ಗೆಳೆಯರು ಎಲ್ಲಿ ತಿನ್ನುತ್ತಾರೋ ಅಲ್ಲಿಗೇ ಹೋಗಿ. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ಸ್ಟ್ಯಾಂಡು ಪಾತ್ರೆಯಿಂದ ಹೊರಗೆ ಬಂದಾಗ ಆವಿಯಲ್ಲಿ ಭಟ್ಟರ ಮುಖವೇ ಕಾಣುವುದಿಲ್ಲ. ಅಂಗೈಗಿಂತ ಅಗಲದ ಇಡ್ಲಿ, ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ. ಮೇಲಿಟ್ಟ ಬೆಣ್ಣೆ ಕರಗಿ ಅಂಚಿಗೆ ಬರುವಷ್ಟರಲ್ಲಿ ಚಟ್ನಿ ಬರುತ್ತದೆ. ಪೆನ್ಸಿಲ್ ಆಮೇಲೆ ತೆಗೆಯಿರಿ, ಆರಿದರೆ ಮಜಾ ಇಲ್ಲ.

ಸಿದ್ಧಗಂಗಾ ಮಠ ಅಲ್ಲಿಗೆ ಹತ್ತಿರ. 1907ರಲ್ಲಿ ಹುಟ್ಟಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಗದ್ದುಗೆ ನೋಡಿ, ಬೆಟ್ಟ ಹತ್ತಿ ಬನ್ನಿ. ಸಾವಿರಾರು ಮಕ್ಕಳು ಅಲ್ಲೇ ಉಳಿದು ಓದುತ್ತಾರೆ, ಬಂದವರಿಗೆಲ್ಲ ದಾಸೋಹದಲ್ಲಿ ಊಟ ಇದೆ. ಮಕ್ಕಳನ್ನು ಬಿಡಿಸುವ ಮುಂಚೆ ಒಂದು ಮಾತು ಕೇಳಿ. ಕೇಳಿದ ಮೇಲೆ ಸುತ್ತ ಮೂವತ್ತು ಜನ ನಿಂತು ಪುಸ್ತಕಕ್ಕೆ ಇಣುಕುತ್ತಾರೆ, ಅದಕ್ಕೂ ತಯಾರಿರಿ.

ಆಮೇಲೆ ಊರು ದಾಟಿ ಕುಣಿಗಲ್ ರಸ್ತೆ. ನೀವು ದೀಪಾವಳಿ ಆದ ಮೇಲೆ ಬರುತ್ತಿರುವುದು ಒಳ್ಳೇದೇ ಆಯಿತು, ಗೂಳೂರು ಗಣಪ ಇರುತ್ತಾನೆ. ಬೇರೆ ಕಡೆ ಚೌತಿಗೆ ಗಣಪನನ್ನು ಕೂರಿಸಿದರೆ, ಗೂಳೂರಿನಲ್ಲಿ ಚೌತಿಗೆ ಮಣ್ಣಿನ ಕೆಲಸ ಶುರು ಮಾಡುತ್ತಾರೆ. ಪೂಜೆ ಬಲಿಪಾಡ್ಯಮಿಯಿಂದ, ಕಾರ್ತಿಕ ಪೂರ್ತಿ. ಕೊನೆಗೆ ಊರ ಕೆರೆಯಲ್ಲಿ ಬಿಡುತ್ತಾರೆ. ಆಳಿಗಿಂತ ಎಷ್ಟೋ ಎತ್ತರದ ಮೂರ್ತಿ, ಹತ್ತಿರ ನಿಂತರೆ ಹೊಟ್ಟೆ ಮಾತ್ರ ಕಾಣುತ್ತದೆ. ಹಿಂದೆ ಸರಿದು ಪಕ್ಕದಿಂದ ಬಿಡಿಸಿ. ಎದುರು ಸಾಲಿನಲ್ಲಿ ನಿಂತವರಿಗೂ ತೊಂದರೆ ಆಗಲ್ಲ.

ಗೂಳೂರಿನಿಂದ ಸ್ವಲ್ಪ ಮುಂದೆ ಕೈದಾಳ. ನನ್ನನ್ನು ಕೇಳಿದರೆ ದಿನದ ಅರ್ಧ ಇಲ್ಲಿಗೇ ಕೊಡಿ. ಮಗನ ಎದುರು ಸೋತು ಬಲಗೈ ಕಡಿದುಕೊಂಡ ಜಕಣಾಚಾರಿಗೆ, ತನ್ನೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು, ಅದಕ್ಕೇ ಊರು ಕೈದಾಳ ಅನ್ನುವ ಕಥೆ ನಿಮ್ಮ ಗೆಳೆಯರು ಹೇಳೇ ಹೇಳುತ್ತಾರೆ. ನಮ್ಮಲ್ಲಿ ಆ ಕಥೆ ಹೇಳದೆ ಯಾರನ್ನೂ ಒಳಗೆ ಬಿಡುವುದಿಲ್ಲ! ಇತಿಹಾಸದವರು ಹೇಳುವುದು ಬೇರೆ: 1150ರ ಸುಮಾರಿಗೆ, ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, ಬಾಚಿ ಅನ್ನುವ ಸಾಮಂತ ಕಟ್ಟಿಸಿದ್ದು. ಬೇಲೂರಿನಂಥ ಗೋಡೆ ತುಂಬ ಕೆತ್ತನೆ ಹುಡುಕಬೇಡಿ, ಹೊರಗೆ ಗುಡಿ ಸಾದಾ. ಇರುವುದೆಲ್ಲ ಒಳಗಿನ ಮೂರ್ತಿಯಲ್ಲಿ. ಮಂಗಳಾರತಿ ದೀಪ ಮುಖದ ಹತ್ತಿರ ಹೋದಾಗ ಕೆನ್ನೆಯ ನುಣುಪು, ಆಭರಣದ ಅಂಚು ಒಂದು ಕ್ಷಣ ಎದ್ದು ಕಾಣುತ್ತವೆ. ಅದನ್ನು ಕಣ್ಣಲ್ಲಿ ಹಿಡಿದುಕೊಂಡು ಹೊರಗೆ ಬಂದು ಬಿಡಿಸಿ. ಹಳ್ಳಿ ಗುಡಿ, ಬಾಗಿಲು ಎಷ್ಟು ಹೊತ್ತು ತೆಗೆದಿರುತ್ತದೆ ಅಂತ ಗೆಳೆಯರು ಹಿಂದಿನ ದಿನವೇ ವಿಚಾರಿಸಿಟ್ಟಿರಲಿ. ಇಂಥದ್ದಕ್ಕೇ ಅಲ್ವಾ ಊರಿನವರು ಬೇಕಾಗುವುದು.

ದೇವರಾಯನದುರ್ಗ, ನಾಮದ ಚಿಲುಮೆ ಎರಡನ್ನೂ ಈ ಸಲ ಬಿಡಿ. ಅವು ಊರಿನ ಇನ್ನೊಂದು ದಿಕ್ಕಿಗೆ. ಶಿಂಷಾ ಆ ಬೆಟ್ಟಗಳಲ್ಲೇ ಹುಟ್ಟಿ ಕಾವೇರಿಗೆ ಹೋಗುತ್ತದೆ, ಜಯಮಂಗಲಿ ಅಲ್ಲೇ ಹುಟ್ಟಿ ಉತ್ತರ ಪಿನಾಕಿನಿಗೆ. ಅಂಥ ಜಾಗಕ್ಕೆ ಅರ್ಧ ಗಂಟೆ ಕೊಟ್ಟು ಓಡಿ ಬರಬಾರದು. ಕೋತಿಗಳೂ ಇವೆ. ತಿಂಡಿ ಪೊಟ್ಟಣ ಅಂದುಕೊಂಡು ಒಂದು ನನ್ನ ಬಣ್ಣದ ಡಬ್ಬಿ ಎತ್ತಿಕೊಂಡು ಹೋಗಿತ್ತು, ಮುಚ್ಚಳ ಮಾತ್ರ ವಾಪಸ್ ಸಿಕ್ಕಿತು. ಮಂದರಗಿರಿಯದು 400ಕ್ಕೂ ಹೆಚ್ಚು ಮೆಟ್ಟಿಲು, ಹೊಟ್ಟೆ ತುಂಬ ಊಟ ಮಾಡಿ ಬಿಸಿಲಲ್ಲಿ ಹತ್ತುವುದು ಬೇಡ. ಅಮಾನಿಕೆರೆ ಸಂಜೆ ಹೊತ್ತಾದರೆ ನೋಡಿ, ಆಗದಿದ್ದರೆ ನಷ್ಟ ಇಲ್ಲ.

ಮಧ್ಯಾಹ್ನದ ಊಟ ಮಠದಲ್ಲಿ ಆಗದಿದ್ದರೆ ಮುದ್ದೆ ಬಸ್ಸಾರು ಕೇಳಿ. ಗೆಳೆಯರ ಮನೆಯಲ್ಲೇ ಊಟ ಅಂದರೆ ಎಂಟು ಜನಕ್ಕೆ ಅಂತ ಮೊದಲೇ ಹೇಳಿಬಿಡಿ, ಸುಮ್ನೆ ಅವರ ಮನೆಯವರಿಗೆ ಕಷ್ಟ. ಗಾಡಿ ಇಡೀ ದಿನಕ್ಕೆ ಒಂದೇ ಮಾತಾಡಿ. ಬಾಡಿಗೆ ನೀವೇ ಕೊಡಿ. ಗೆಳೆಯರು ಬೇಡ ಅನ್ನುತ್ತಾರೆ, ನಾನೂ ಪ್ರತಿ ಸಲ ಹಾಗೇ ಅನ್ನುವುದು, ಕೇಳಬೇಡಿ.

ಮಡಚುವ ಸಣ್ಣ ಸ್ಟೂಲು, ಟೋಪಿ, ನೀರು ತನ್ನಿ. ಕೈದಾಳದ ಚಿತ್ರ ಗುಂಪಿಗೆ ಹಾಕಿ, ಅರ್ಧಕ್ಕೆ ನಿಂತಿದ್ದರೂ ಸರಿ.