ಮೂರು ಟ್ಯಾಂಕರ್ ಮಳೆಯ ರಾಜಧಾನಿ

ಪ್ರಶ್ನೆ: ಜೋರ್ಡಾನಿನ ಪೆಟ್ರಾದಲ್ಲಿ ವರ್ಷಕ್ಕೆ 150 ಮಿ.ಮೀ. ಮಳೆ ಬಂದರೆ ಹೆಚ್ಚಂತೆ. ಒಂಟೆಸಾಲುಗಳು ಬಂದಿಳಿಯುತ್ತಿದ್ದ ಅಂಥ ಪೇಟೆಗೆ ನೀರೆಲ್ಲಿಂದ?
– ಓದುಗರು, ಬಸವನಗುಡಿ

ಉತ್ತರ: ಮೊದಲು ಲೆಕ್ಕ ಹಾಕೋಣ. ನಮ್ಮ 30×40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಬೆಂಗಳೂರಿನ ಮಳೆಗೆ ಅಷ್ಟು ಜಾಗದಲ್ಲಿ ಲಕ್ಷ ಲೀಟರ್ ಬೀಳುತ್ತದೆ. ಪೆಟ್ರಾದಲ್ಲಿ 16,700 ಲೀಟರ್; 6,000 ಲೀಟರಿನ ಮೂರು ಟ್ಯಾಂಕರ್ ಕೂಡ ತುಂಬುವುದಿಲ್ಲ. ಅದೂ ಚಳಿಗಾಲದ ಕೆಲವೇ ದಿನ, ಬಂದರೆ ನೆರೆಯಾಗಿಯೇ ಬರುತ್ತದೆ. ಹಾಗಾಗಿ ಎರಡು ಸಾವಿರ ವರ್ಷದ ಹಿಂದೆ ಇದನ್ನು ರಾಜಧಾನಿ ಮಾಡಿಕೊಂಡಿದ್ದ ಅರಬ್ ವ್ಯಾಪಾರಿ ಜನ, ನಬಾಟಿಯನ್ನರು, ನೀರನ್ನು ಹಿಡಿಯುವ ಮೊದಲು ಅದರಿಂದ ತಪ್ಪಿಸಿಕೊಳ್ಳಬೇಕಿತ್ತು.

ಊರಿನ ಹೆಬ್ಬಾಗಿಲು ಸಿಕ್ ಎಂಬ 1.2 ಕಿ.ಮೀ. ಉದ್ದದ ಬಂಡೆಸೀಳು. ಅದರ ಬಾಯಿಗೆ ಒಡ್ಡು ಹಾಕಿ, ಪಕ್ಕದ ಬಂಡೆಯಲ್ಲಿ ಸುಮಾರು 88 ಮೀಟರ್ ಸುರಂಗ ಕೊರೆದು, ಹಳ್ಳವನ್ನು ಬೇರೆ ಕಣಿವೆಗೆ ತಿರುಗಿಸಿದರು. ಆ ಒಡ್ಡು ಹಾಳಾಗಿದ್ದಾಗ, 1963ರಲ್ಲಿ, ನೆರೆ ಒಳನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಆಮೇಲಷ್ಟೇ ಅದನ್ನು ಮತ್ತೆ ಕಟ್ಟಿದ್ದು.

ಕುಡಿಯುವ ನೀರು ಐನ್ ಮೂಸಾ ಮುಂತಾದ ಒರತೆಗಳದು. ಸಿಕ್‌ನ ಒಂದು ಬದಿ ಬಂಡೆಯಲ್ಲೇ ಕಡಿದ ಕಾಲುವೆ, ಇನ್ನೊಂದು ಬದಿ ಸುಟ್ಟ ಮಣ್ಣಿನ ಕೊಳವೆ. ಕೊಳವೆಯ ತುಂಡುಗಳು ಗಿಡ್ಡ. ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿ ಸಂದಿಗೆ ಗಾರೆ ಮೆತ್ತಿದ್ದಾರೆ. ತೊಂದರೆಯೆಲ್ಲ ಈ ಸಂದಿಗಳದೇ. ಕೊಳವೆ ತುಂಬಿ ಹರಿದರೆ ಒತ್ತಡ ಏರಿ ಸಂದಿಸಂದಿಯಲ್ಲೂ ಸೋರುತ್ತದೆ. ಇಳಿಜಾರು ಸಾಲದಿದ್ದರೆ ಹೂಳು ಕೂರುತ್ತದೆ. ಅದಕ್ಕೇ ನೀರಿನ ಮೇಲೆ ಗಾಳಿಗೆ ಜಾಗ ಉಳಿಯುವಂಥ ಇಳಿಜಾರು ಕೊಟ್ಟಿದ್ದರು ಎನ್ನುತ್ತಾರೆ ಇದನ್ನು ಲೆಕ್ಕ ಹಾಕಿ ನೋಡಿದ ಎಂಜಿನಿಯರುಗಳು. ನಡುನಡುವೆ ಹೂಳು ತಂಗಲು ತೊಟ್ಟಿಗಳೂ ಇವೆ. ಇನ್ನೊಂದು ಕಾಟ ಸುಣ್ಣದ್ದು. ಬೋರ್‌ವೆಲ್ ನೀರಿಗೆ ನಮ್ಮ ಗೀಸರಿನಲ್ಲಿ ಕಟ್ಟುವ ಬಿಳಿ ಗಟ್ಟಿಯೇ ಕೊಳವೆಯೊಳಗೂ ಕಟ್ಟುತ್ತಿತ್ತು. ತೆರೆದ ಕಾಲುವೆಯಾದರೆ ಕೆರೆದು ತೆಗೆಯಬಹುದು, ಗೋಡೆಗೆ ಹುಗಿದ ಕೊಳವೆಗೆ ಕೈ ಹಾಕುವುದು ಹೇಗೆ?

ಮರುಭೂಮಿಯಲ್ಲಿ ಅವರಿಗೆ ಸಂಪೂ ಇತ್ತು. ಕ್ರಿ.ಪೂ. 1ನೇ ಶತಮಾನದ ಗ್ರೀಕ್ ಇತಿಹಾಸಕಾರ ಡಯೋಡೋರಸ್ ಬರೆದಂತೆ, ಬಾಯಿ ಕಿರಿದು, ಒಳಗೆ ಹೋದಂತೆ ಅಗಲ, ಒಳಮೈಗೆ ಗಾರೆ. ತುಂಬಿದ ಮೇಲೆ ಬಾಯಿ ಮುಚ್ಚಿ, ತಮಗಷ್ಟೇ ತಿಳಿಯುವ ಗುರುತು ಇಡುತ್ತಿದ್ದರು. ಸಣ್ಣ ಬಾಯಿಂದ ನೀರು ಆರುವುದೂ ಕಡಿಮೆ, ವೈರಿಯ ಕಣ್ಣಿಗೆ ಬೀಳುವುದೂ ಕಡಿಮೆ.

ಪ್ರಶ್ನೆ: ಅಲ್ಲಿನ ‘ಖಜಾನೆ’ಯಲ್ಲಿ ಏನಾದರೂ ಸಿಕ್ಕಿತೇ?
– ಓದುಗರು, ಯಶವಂತಪುರ

ಉತ್ತರ: ಹೆಸರಿಗಷ್ಟೇ ಖಜಾನೆ. ಬಂಡೆಯಲ್ಲೇ ಕಡಿದ, ಸುಮಾರು 40 ಮೀಟರ್ ಎತ್ತರದ ಅದರ ಮುಖಭಾಗದ ನೆತ್ತಿಯ ಕಲಶದಲ್ಲಿ ಚಿನ್ನವಿದೆಯೆಂದು ಗುಂಡು ಹೊಡೆದ ಗುರುತುಗಳಿವೆ. ಕಲಶವೋ ಗಟ್ಟಿ ಕಲ್ಲು. 2003ರಲ್ಲಿ ಎದುರಿನ ಅಂಗಳ ಅಗೆದಾಗಲೂ ಸಿಕ್ಕಿದ್ದು ಸಮಾಧಿಗಳು.

ಬೆಳ್ಳಿ ಸಿಕ್ಕಿದ್ದು ನಿಮ್ಮೂರಲ್ಲೇ! 1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಮುಂಗಾರು ಗಾಳಿ ಹಿಡಿದು ಹಡಗುಗಳು ಕೆಂಪು ಸಮುದ್ರದಿಂದ ನೇರ ಮಲಬಾರಿಗೆ ಬರತೊಡಗಿದ ಕಾಲದವು ಅವು. ಸರಕು ಹಡಗೇರಿದಷ್ಟೂ ಒಂಟೆಗೆ ಕೆಲಸ ಕಡಿಮೆ. ಪೆಟ್ರಾಕ್ಕೆ ಅದು ದೊಡ್ಡ ಪೆಟ್ಟು. ಕ್ರಿ.ಶ. 106ರಲ್ಲಿ ನಬಾಟಿಯನ್ನರ ರಾಜ್ಯ ರೋಮ್ ಪಾಲಾಯಿತು, 363ರಲ್ಲಿ ಭೂಕಂಪ ಊರನ್ನು ಕೆಡವಿತು. ಆದರೂ ಜನ ಬಿಟ್ಟುಹೋಗಲಿಲ್ಲ: 1993ರಲ್ಲಿ ಅಲ್ಲಿನ ಚರ್ಚೊಂದರಲ್ಲಿ ಸಿಕ್ಕ ಸುಮಾರು 140 ಕರಕಲು ಸುರುಳಿಗಳಲ್ಲಿ 6ನೇ ಶತಮಾನದ ಆಸ್ತಿ, ತೆರಿಗೆ ಪತ್ರಗಳಿವೆ.